ಅಜ್ಜಿಯ ಕಪ್ಪು ಸೀರೆ, ಅದರ ಮೇಲಿನ ಕಸೂತಿ: ಮೊದಲು ಒಳಮಗ್ಗುಲು ನೋಡಿ

ಪ್ರಶ್ನೆ: ನಾವು ಮೂಲತಃ ಹುಬ್ಬಳ್ಳಿ ಕಡೆಯವರು, ಈಗ ಪುಣೆಯಲ್ಲಿದ್ದೇವೆ. ಅಜ್ಜಿಯ ಟ್ರಂಕಿನಲ್ಲಿ ಒಂದು ಕಪ್ಪು ಸೀರೆ ಸಿಕ್ಕಿತು. ಸೆರಗು ಕೆಂಪು. ಸೆರಗಿನ ಹತ್ತಿರ ತೇರು, ಆನೆ, ತುಳಸಿಕಟ್ಟೆ ಎಲ್ಲ ದಾರದಲ್ಲಿ ಹಾಕಿದ್ದಾರೆ. ಇದು ಕಸೂತಿ, ಚಾಲುಕ್ಯರ ಕಾಲದಿಂದ ಬಂದಿದ್ದು ಅಂತ ಚಿಕ್ಕಮ್ಮ ಹೇಳುತ್ತಾರೆ. ನಿಜವೇ? ಇದು ಕೈಯಲ್ಲಿ ಹಾಕಿದ್ದೋ ಮಷೀನಿನದೋ, ತಿಳಿಯುವುದು ಹೇಗೆ? ಇಂಥದ್ದೇ ಕಾಣುವ ಸೀರೆ ಈಗ ಅಂಗಡಿಯಲ್ಲಿ ಎಂಟುನೂರು ರೂಪಾಯಿಗೆ ಸಿಗುತ್ತದೆ. ಹಾಗಿದ್ದೂ ಜನ ಯಾಕೆ ಕೈಯಲ್ಲಿ ಹಾಕುತ್ತಾ ಕೂರುತ್ತಾರೆ? ನಾನೂ ಕಲಿಯಬಹುದಾ? ಸೀರೆಯನ್ನು ಹೇಗೆ ಇಟ್ಟುಕೊಳ್ಳಬೇಕು?

ಉತ್ತರ: ಸೀರೆಯ ಒಳಮಗ್ಗುಲು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಹೊರಗೆ ಕಾಣುವ ತೇರು ಒಳಗೂ ಹಾಗೇ ಇದೆಯಾ? ಗಂಟಿಲ್ಲ, ಒಂದು ಚಿತ್ರದಿಂದ ಇನ್ನೊಂದಕ್ಕೆ ಅಡ್ಡ ಹಾಯ್ದ ದಾರ ಇಲ್ಲ, ಯಾವ ಮಗ್ಗುಲು ಹೊರಗಿನದು ಅಂತಲೇ ಒಂದು ಕ್ಷಣ ಗೊಂದಲ ಆಗುತ್ತಿದೆಯಾ? ಹಾಗಾದರೆ ಅದು ಕೈಕಸೂತಿಯೇ. ನಿಮ್ಮ ವಿವರ ಓದಿದಾಗಲೇ ನನಗೆ ಹಾಗನ್ನಿಸಿತ್ತು. ಕಪ್ಪು ಮೈ, ಕೆಂಪು ಸೆರಗು ಅಂದರೆ ಬಹುತೇಕ ಇಳಕಲ್ ಸೀರೆ. ಧಾರವಾಡ, ಹುಬ್ಬಳ್ಳಿ ಕಡೆ ಈ ಕಪ್ಪು ಸೀರೆಗೆ ಚಂದ್ರಕಾಳಿ ಅನ್ನುತ್ತಾರೆ. ಮದುವೆಯಲ್ಲಿ ಹೆಣ್ಣಿಗೆ ಕೊಡುವ ಸೀರೆಗಳಲ್ಲಿ ಕಸೂತಿ ಹಾಕಿದ ಚಂದ್ರಕಾಳಿ ಒಂದು ಇರಬೇಕು ಅನ್ನುವ ರೂಢಿ ಎಷ್ಟೋ ಮನೆಗಳಲ್ಲಿತ್ತು.

ಒಂದು ಎಚ್ಚರ ಮಾತ್ರ ಇರಲಿ. ಕೆಲವು ಕಡೆ ಎರಡೂ ಮಗ್ಗುಲು ಒಂದೇ ಥರ ಇಲ್ಲದಿದ್ದರೆ ಗಾಬರಿ ಬೇಡ. ಕಸೂತಿಯಲ್ಲಿ ನಾಲ್ಕು ಹೊಲಿಗೆ ಇವೆ: ಗವಂತಿ, ಮುರ್ಗಿ, ನೇಯ್ಗೆ, ಮೆಂತೆ. ಮೊದಲಿನ ಎರಡು ಮಾತ್ರ ಒಳಗೂ ಹೊರಗೂ ಒಂದೇ ಥರ ಬರುತ್ತವೆ. ನೇಯ್ಗೆ ಅಂದರೆ ಎಳೆಗಳ ನಡುವೆ ಸಾಲಾಗಿ ದಾರ ಓಡಿಸುವುದು. ಮಗ್ಗದಲ್ಲೇ ನೇಯ್ದ ಅಂಚಿನ ಹಾಗೆ ಕಾಣುತ್ತದೆ. ಹೊರಗೆ ದಾರ ಇದ್ದ ಜಾಗದಲ್ಲಿ ಒಳಗೆ ಖಾಲಿ, ಒಳಗೆ ಇದ್ದಲ್ಲಿ ಹೊರಗೆ ಖಾಲಿ. ಮೆಂತೆ ಅಂದರೆ ಗುಣಾಕಾರದ ಗುರುತಿನಂಥ ಪುಟ್ಟ ಪುಟ್ಟ ಹೊಲಿಗೆ. ಚಿತ್ರದ ಹೊಟ್ಟೆ ತುಂಬಿಸಬೇಕಾದಾಗ ಅದನ್ನು ಹಾಕುತ್ತಾರೆ. ಅದಕ್ಕೆ ದಾರ ಜಾಸ್ತಿ ಬೇಕು, ಹೊತ್ತೂ ಜಾಸ್ತಿ. ಹಾಗಾಗಿ ಹಳೆ ಸೀರೆಗಳಲ್ಲಿ ಗವಂತಿ, ಮುರ್ಗಿಯ ಪಾಲೇ ಹೆಚ್ಚು.

ಗವಂತಿಯ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ನಿಮ್ಮ ಬೇರೆ ಪ್ರಶ್ನೆಗಳ ಉತ್ತರವೂ ಇದರಲ್ಲೇ ಇದೆ. ಸೂಜಿ ನಾಲ್ಕು ಎಳೆ ಮೇಲೆ ಹೋಗುತ್ತದೆ, ನಾಲ್ಕು ಎಳೆ ಕೆಳಗೆ ಹೋಗುತ್ತದೆ, ಮತ್ತೆ ಮೇಲೆ. ಇಷ್ಟಾದಾಗ ಒಂದು ಮುರಿದ ಗೆರೆ ಮೂಡುತ್ತದೆ, ಒಂದು ಹೊಲಿಗೆ, ಒಂದು ಖಾಲಿ. ಗೆರೆಯ ತುದಿ ಮುಟ್ಟಿದ ಮೇಲೆ ಅದೇ ದಾರ ಅದೇ ಹಾದಿಯಲ್ಲಿ ವಾಪಸ್ ಬರುತ್ತದೆ. ಈ ಸಲ ಖಾಲಿ ಇದ್ದಲ್ಲಿ ತುಂಬುತ್ತಾ ಬರುತ್ತದೆ. ಹೊರಗಿನ ಗೆರೆ ಪೂರ್ತಿಯಾಗುವ ಹೊತ್ತಿಗೆ ಒಳಗಿನದೂ ಪೂರ್ತಿಯಾಗಿರುತ್ತದೆ. ಅಡ್ಡ, ಉದ್ದ, ಓರೆ, ಮೂರೂ ದಿಕ್ಕಿಗೆ ಇದೇ ಕ್ರಮ. ಮುರ್ಗಿಯೂ ಇದೇ ತತ್ವದ್ದು, ಆದರೆ ಅದು ಮೆಟ್ಟಿಲ ಹಾಗೆ ಹತ್ತಿ ಇಳಿಯುತ್ತದೆ.

ನೇರ ಗೆರೆಗೆ ಇದು ಸುಲಭ. ತೇರಿಗೆ? ತೇರಿಗೆ ಗಾಲಿ ಇದೆ, ಕಳಸ ಇದೆ, ಬಾವುಟ ಇದೆ, ಒಳಗೆ ಚೌಕದ ಮೇಲೆ ಚೌಕ. ಕೊಂಬೆಯಿಂದ ಕೊಂಬೆಗೆ ಗೆರೆ ಒಡೆಯುತ್ತಾ ಹೋಗುತ್ತದೆ. ದಾರ ಎಲ್ಲೂ ನೆಗೆಯುವ ಹಾಗಿಲ್ಲ. ನೆಗೆದರೆ ಒಳಗೆ ಕಾಣುತ್ತದೆ. ಗಂಟು ಹಾಕುವ ಹಾಗಿಲ್ಲ. ಹೋಗುವಾಗ ಯಾವ ಕೊಂಬೆಗೆ ತಿರುಗಬೇಕು, ಬರುವಾಗ ಯಾವುದನ್ನು ಮುಗಿಸಿಕೊಂಡು ಬರಬೇಕು ಅನ್ನುವ ಲೆಕ್ಕ ತಲೆಯಲ್ಲೇ ಇರಬೇಕು. ಹೋದ ದಾರ ಹೊರಟ ಜಾಗಕ್ಕೇ ವಾಪಸ್ ಬಂದರೆ ಲೆಕ್ಕ ಸರಿ. ಬರದಿದ್ದರೆ ಎಲ್ಲೋ ತಪ್ಪಿದೆ, ಬಿಚ್ಚಬೇಕು.

ಗಣಿತ ಗೊತ್ತಿದ್ದವರಿಗೆ ಇಲ್ಲಿ ಒಂದು ಖುಷಿ ಇದೆ. ಕೋನಿಗ್ಸ್‌ಬರ್ಗ್ ಅನ್ನುವ ಊರಿನಲ್ಲಿ ಏಳು ಸೇತುವೆಗಳಿದ್ದವು. ಪ್ರತಿ ಸೇತುವೆಯನ್ನು ಒಂದೇ ಒಂದು ಸಲ ದಾಟಿ ಊರು ಸುತ್ತಬಹುದೇ ಅನ್ನುವುದು ಅಲ್ಲಿನವರ ಒಗಟು. ಆಗದು ಅಂತ 1736ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟ. ಆದರೆ ಪ್ರತಿ ಸೇತುವೆಯನ್ನು ಎರಡೆರಡು ಸಲ ದಾಟಬಹುದು ಅಂತಾದರೆ ಒಗಟು ತಕ್ಷಣ ಬಿಡುತ್ತದೆ. ಸೇತುವೆ ಎಷ್ಟೇ ಇರಲಿ, ಊರು ಹೇಗೇ ಇರಲಿ, ಹೊರಟಲ್ಲಿಗೆ ವಾಪಸ್ ಬರುವ ದಾರಿ ಇದ್ದೇ ಇರುತ್ತದೆ. ಗವಂತಿಯಲ್ಲಿ ಆಗುವುದು ಇದೇ. ಪ್ರತಿ ಗೆರೆಯ ಮೇಲೆ ದಾರ ಎರಡು ಸಲ ಹಾಯುತ್ತದೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಹಾಗಾಗಿ ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುವ ಯಾವ ಚಿತ್ರವನ್ನಾದರೂ ಒಂದೇ ದಾರದಲ್ಲಿ, ಎರಡೂ ಮಗ್ಗುಲು ಒಂದೇ ಥರ ಬರುವಂತೆ ಮುಗಿಸಬಹುದು. ಹಾದಿ ಇದೆ ಅನ್ನುವುದು ಖಾತ್ರಿ, ಹುಡುಕಿಕೊಳ್ಳುವುದು ನಮ್ಮ ಕೆಲಸ. ಶಾಲೆಯ ಮುಖ ನೋಡದ ಹೆಂಗಸರು ಜಗಲಿ ಮೇಲೆ ಕೂತು ಈ ಹಾದಿಗಳನ್ನು ಹುಡುಕಿದ್ದಾರೆ, ಮಕ್ಕಳಿಗೆ ಬಾಯಲ್ಲೇ ಹೇಳಿಕೊಟ್ಟಿದ್ದಾರೆ.

ಪೆನ್ಸಿಲಿನ ಗೆರೆ ಇಲ್ಲ, ಅಚ್ಚು ಇಲ್ಲ ಅನ್ನುವುದನ್ನೂ ಗಮನಿಸಿ. ಬಟ್ಟೆಯ ಹಾಸು (ಉದ್ದದ ಎಳೆ) ಮತ್ತು ಹೊಕ್ಕು (ಅಡ್ಡದ ಎಳೆ) ಎಣಿಸಿಯೇ ಚಿತ್ರ ಹಾಕಬೇಕು. ನಮ್ಮ ಕಸೂತಿಯ ಚಿತ್ರಗಳಿಗೆ ಆ ಮೆಟ್ಟಿಲು ಮೆಟ್ಟಿಲಿನ ರೂಪ ಬಂದಿದ್ದು ಇದರಿಂದ. ಎಳೆ ಎಣಿಸುವವರಿಗೆ ದುಂಡು ಗೆರೆ ಸಿಗುವುದಿಲ್ಲ. ತೇರಿನ ಗಾಲಿ ಎಂಟು ಮೂಲೆಯದಾಗುತ್ತದೆ, ನವಿಲಿನ ಕತ್ತು ಮೆಟ್ಟಿಲಾಗುತ್ತದೆ, ಆನೆಯ ಸೊಂಡಿಲು ಮೊಣಕೈಯಂತೆ ಮಡಚುತ್ತದೆ. ಗೋಪುರ ಮಾತ್ರ ಹುಟ್ಟಿನಿಂದಲೇ ಮೆಟ್ಟಿಲಿನದು. ಅದಕ್ಕೇ ಇರಬೇಕು, ಕಸೂತಿಯಲ್ಲಿ ಗೋಪುರದಷ್ಟು ಚೆನ್ನಾಗಿ ಕೂರುವ ಚಿತ್ರ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಚಿತ್ರಗಳ ಆಯ್ಕೆಯೂ ನೋಡುವಂಥದ್ದು. ತೇರು, ಗೋಪುರ, ಅಂಬಾರಿ ಆನೆ, ಬಸವ, ತುಳಸಿಕಟ್ಟೆ, ಶಂಖ, ಕಮಲ, ಗಿಳಿ, ನವಿಲು, ಹಂಸ, ತೊಟ್ಟಿಲು. ಗುಡಿ ಮತ್ತು ಮನೆಯ ನಡುವೆ ಒಬ್ಬ ಹೆಣ್ಣುಮಗಳು ದಿನಾ ನೋಡುತ್ತಿದ್ದ ಲೋಕ ಅದು. ಆದರೂ ಅಂಗಳದಲ್ಲೇ ಇರುವ ನಾಯಿ, ಬೆಕ್ಕು ಸೀರೆಯ ಮೇಲೆ ಬರುವುದಿಲ್ಲ. ಹುಲಿ, ಸಿಂಹ ಅಪರೂಪ. ಅಂದರೆ ಕಂಡಿದ್ದನ್ನೆಲ್ಲ ಹಾಕುತ್ತಿರಲಿಲ್ಲ. ಮದುವೆ ಸೀರೆಯ ಮೇಲೆ ಯಾವುದು ಶುಭ, ಯಾವುದು ಸಲ್ಲದು ಅನ್ನುವ ತೀರ್ಮಾನ ಇತ್ತು. ನಿಮ್ಮ ಸೀರೆಯಲ್ಲಿ ಇನ್ನೊಂದು ನೋಡಿ: ಸೆರಗಿನ ಪಕ್ಕದಲ್ಲಿ ಚಿತ್ರಗಳು ದೊಡ್ಡವು, ಒತ್ತೊತ್ತಾಗಿ ಇರುತ್ತವೆ. ಮೈ ಕಡೆಗೆ ಹೋದಂತೆ ಸಣ್ಣವಾಗುತ್ತವೆ, ದೂರ ದೂರ ಆಗುತ್ತವೆ. ಕೊನೆಗೆ ಬರೀ ಚುಕ್ಕಿಯಂಥ ಹೂವು. ಉಟ್ಟಾಗ ಎದೆ, ಹೆಗಲು, ಬೆನ್ನಿನ ಮೇಲೆ ಬರುವ ಭಾಗಕ್ಕೆ ಶ್ರಮ ಹಾಕಿದರು. ನೆರಿಗೆಯಲ್ಲಿ ಮುಚ್ಚಿಹೋಗುವ ಕಡೆ ಸುಮ್ನೆ ಯಾಕೆ ಕಣ್ಣು ಸುಟ್ಟುಕೊಳ್ಳಬೇಕು, ಅಲ್ವಾ?

ಈಗ ಚಾಲುಕ್ಯರ ವಿಷಯ. ಈ ಮಾತು ಕೈಮಗ್ಗದ ಮಳಿಗೆಯ ಬೋರ್ಡಿನಲ್ಲೂ ಇರುತ್ತದೆ, ಮದುವೆ ಮನೆಯ ಮಾತಿನಲ್ಲೂ ಇರುತ್ತದೆ. ನಾನು ಅದನ್ನು ಎತ್ತಿ ಹಿಡಿಯುವುದಿಲ್ಲ. ಬಟ್ಟೆ ಬೇಗ ಸಾಯುವ ವಸ್ತು. ನಮ್ಮ ಮಳೆ, ಬಿಸಿಲು, ಗೆದ್ದಲಿನಲ್ಲಿ ಇನ್ನೂ ಬೇಗ. ಮೊಹೆಂಜೊದಾರೋದ ಹತ್ತಿಬಟ್ಟೆಯ ಚೂರು ಉಳಿದಿದ್ದು ಒಂದು ಬೆಳ್ಳಿ ಪಾತ್ರೆಗೆ ಅಂಟಿಕೊಂಡಿದ್ದರಿಂದ. ಲೋಹದ ಅಂಶ ಇಳಿದು ಬಟ್ಟೆಯನ್ನು ಕಾಪಾಡಿತು. ಗುಜರಾತಿನ ಹಳೇ ಅಚ್ಚಿನ ಬಟ್ಟೆಗಳು ಸಿಕ್ಕಿದ್ದು ಗುಜರಾತಿನಲ್ಲಲ್ಲ, ಈಜಿಪ್ಟಿನ ಫುಸ್ತಾತ್ ಎಂಬಲ್ಲಿ, ಒಣ ಮಣ್ಣಿನಲ್ಲಿ. ಉಟ್ಟು, ಒಗೆದು, ಹಳೆಯದಾದ ಮೇಲೆ ಕೌದಿಗೆ ಹಾಕುತ್ತಿದ್ದ ಸೀರೆ ಚಾಲುಕ್ಯರ ಕಾಲದಿಂದ ಉಳಿದು ಬರುವುದು ಎಲ್ಲಿಯ ಮಾತು? ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ರಾಜನ ಬಟ್ಟೆಬರೆಗೆ ಅಂತಲೇ ಒಂದು ಭಾಗ ಇದೆ, ಬಗೆಬಗೆಯ ಬಟ್ಟೆಗಳ ವರ್ಣನೆ ಇದೆ. ಆ ಕಾಲದಲ್ಲಿ ಈ ನಾಡಿನಲ್ಲಿ ಬಟ್ಟೆಯ ಬಗ್ಗೆ ಭಾರೀ ಆಸಕ್ತಿ ಇತ್ತು ಅನ್ನಲು ಅದು ಸಾಕು. ಎಳೆ ಎಣಿಸಿ ಹಾಕುವ ಈ ಕಸೂತಿಯೇ ಆಗ ಇತ್ತು ಅನ್ನಲು ಸಾಲದು. ಕೈಗೆ ಸಿಗುವ ಹಳೆಯ ಕಸೂತಿ ಸೀರೆಗಳು ಬಹುಪಾಲು ಕಳೆದ ನೂರು, ನೂರೈವತ್ತು ವರ್ಷದವು. ಅಷ್ಟು ಕಾಲ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದ ಲೆಕ್ಕಕ್ಕೆ ರಾಜರ ಸಾಕ್ಷಿ ಬೇಕು ಅಂತ ನನಗೇನೂ ಅನ್ನಿಸುವುದಿಲ್ಲ.

ಕಸೂತಿ ನಮ್ಮಲ್ಲಿ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ ಅನ್ನುವವರೂ ಇದ್ದಾರೆ. ಅದೂ ಪೂರ್ತಿ ಸರಿಯಲ್ಲ. ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿ ಹಾನ್ಸ್ ಹೋಲ್ಬೈನ್ 1536ರ ಸುಮಾರಿಗೆ ಬರೆದ ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಚಿತ್ರವಿದೆ. ಅವಳ ಬಿಳಿ ತೋಳಿನ ಅಂಚನ್ನು ಹತ್ತಿರದಿಂದ ನೋಡಿದರೆ ಕಪ್ಪು ದಾರದ ಸಣ್ಣ ಚಿತ್ತಾರ ಕಾಣುತ್ತದೆ. ತೋಳಿನ ಅಂಚು ಮಡಚಿದಾಗ ಎರಡೂ ಮಗ್ಗುಲು ಕಾಣುವಂಥದ್ದು, ಹಾಗಾಗಿ ಎರಡೂ ಕಡೆ ಚೆಂದ ಇರಬೇಕು. ಅಲ್ಲಿನ ಹೊಲಿಗೆಯೂ ಹೋಗಿ ವಾಪಸ್ ಬರುವುದೇ. ಈಗಲೂ ಅದನ್ನು ಆ ಚಿತ್ರಕಾರನ ಹೆಸರಿನಲ್ಲಿ ಹೋಲ್ಬೈನ್ ಹೊಲಿಗೆ ಅನ್ನುತ್ತಾರೆ. ಅಲ್ಲಿಂದ ಇಲ್ಲಿಗೆ ಬಂತು, ಇಲ್ಲಿಂದ ಅಲ್ಲಿಗೆ ಹೋಯಿತು ಅಂತ ಕಥೆ ಕಟ್ಟುವ ಅಗತ್ಯ ಇಲ್ಲ. ಸೂಜಿ, ಎಣಿಸಬಹುದಾದ ಬಟ್ಟೆ, ಎರಡೂ ಮಗ್ಗುಲು ಅಂದವಾಗಿ ಬರಬೇಕೆಂಬ ಹಟ ಇದ್ದ ಕಡೆ ಜನ ಈ ದಾರಿಗೆ ತಾವಾಗಿಯೇ ಬಂದಿರಬಹುದು. ನಮ್ಮದು ಅನ್ನುವುದು ಬೇರೆ ಕಡೆ ಇದೆ: ಕಪ್ಪಿನ ಮೇಲೆ ಕೆಂಪು, ಹಸಿರು, ಹಳದಿ, ಬಿಳಿ ಹಾಕುವ ಧೈರ್ಯ, ಆ ತೇರು, ಆ ತುಳಸಿಕಟ್ಟೆ, ಸೆರಗಿನಿಂದ ಮೈಗೆ ಕರಗುತ್ತಾ ಹೋಗುವ ಜೋಡಣೆ.

ಸೀರೆಯ ನೇಯ್ಗೆಯ ಬಗ್ಗೆಯೂ ಎರಡು ಮಾತು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು ಕಟ್ಟುತ್ತಾರೆ. ಮೈ ಹತ್ತಿಯದಾಗಿರಬಹುದು, ಸೆರಗು ರೇಷ್ಮೆಯದು. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ನಿಮ್ಮ ಸೀರೆಯಲ್ಲಿ ಕಪ್ಪು ಮುಗಿದು ಕೆಂಪು ಶುರುವಾಗುವ ಜಾಗವನ್ನು ಬೆರಳಿನಲ್ಲಿ ಸವರಿ ನೋಡಿ, ಸಣ್ಣ ಏಣು ಸಿಗುತ್ತದೆ. ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿಯ ಕೋಟೆತೆನೆಯಂಥ ಸಾಲು ಇದ್ದರೆ ಅದು ಟೋಪ್ ತೆನಿ ಸೆರಗು. ಕೊಂಡಿ ಇದೆ, ಒಳಮಗ್ಗುಲೂ ಸರಿ ಇದೆ ಅಂದರೆ ನಿಮ್ಮ ಹತ್ತಿರ ಇರುವುದು ಎರಡು ಕೈಗಳ ಕೆಲಸ, ನೇಕಾರರದ್ದು ಮತ್ತು ಕಸೂತಿ ಹಾಕಿದವರದ್ದು.

ಮುಂಚೆ ಕಸೂತಿ ಮಾರುವ ಸರಕಾಗಿರಲಿಲ್ಲ. ತಾಯಿ ಮಗಳಿಗೆ, ಅತ್ತೆ ಸೊಸೆಗೆ, ಚಿಕ್ಕಮ್ಮ ಹುಟ್ಟಲಿರುವ ಕೂಸಿನ ಕುಂಚಿಗೆಗೆ ಹಾಕುತ್ತಿದ್ದರು. ದಾರವನ್ನೂ ಕೊಳ್ಳುತ್ತಿರಲಿಲ್ಲ, ಹಳೇ ರೇಷ್ಮೆ ಬಟ್ಟೆಯಿಂದ ಎಳೆ ಎಳೆದು ಇಟ್ಟುಕೊಳ್ಳುತ್ತಿದ್ದರು. ಹೊತ್ತಿಗೆ ಬೆಲೆ ಕಟ್ಟುವ ಪ್ರಶ್ನೆಯೇ ಬರಲಿಲ್ಲ. ಅದು ಬಂದಿದ್ದು ಕಸೂತಿ ಅಂಗಡಿಗೆ ಬಂದಾಗ. ಸ್ವಾತಂತ್ರ್ಯದ ನಂತರ, 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾಯಿತು. ಅದನ್ನು ಮುನ್ನಡೆಸಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಮನೆಯೊಳಗಿನ ಇಂಥ ಕೈಕೆಲಸಗಳಿಗೆ ಮಾರುಕಟ್ಟೆ ಬೇಕು ಅಂತ ದೇಶವೆಲ್ಲ ಸುತ್ತಿದರು. ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ 1964ರಲ್ಲಿ ಬಂತು. ಕಾವೇರಿ ಮಳಿಗೆಗಳು ಅದರವೇ. 2006ರಲ್ಲಿ ಕಸೂತಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ, ಅಂದರೆ ಇದು ಇಂಥ ಸೀಮೆಯದೇ ಅನ್ನುವ ಸರ್ಕಾರಿ ಗುರುತು ಸಿಕ್ಕಿತು, ಮರುವರ್ಷ ಇಳಕಲ್ ಸೀರೆಗೂ.

ಮಾನ್ಯತೆಯಿಂದ ಹೆಸರು ಉಳಿಯುತ್ತದೆ, ಕೂಲಿ ತಾನಾಗಿ ಏರುವುದಿಲ್ಲ. ನೀವೇ ಲೆಕ್ಕ ಹಾಕಿ. ಒಬ್ಬ ಹೆಣ್ಣುಮಗಳು ದಿನಕ್ಕೆ ಐದು ಗಂಟೆ ಕೂತು ತಿಂಗಳಲ್ಲಿ ಇಪ್ಪತ್ತು ದಿನ ಹಾಕಿದಳು ಅಂತಿಟ್ಟುಕೊಳ್ಳಿ. ನೂರು ಗಂಟೆ ಆಯಿತು. ಗಂಟೆಗೆ ಐವತ್ತು ರೂಪಾಯಿ ಅಂದರೂ ಐದು ಸಾವಿರ, ಸೀರೆ, ದಾರದ ಬೆಲೆ ಬಿಟ್ಟು. ನೂರು ಗಂಟೆಯಲ್ಲಿ ಒತ್ತೊತ್ತಾದ ಸೀರೆ ಮುಗಿಯುವುದೂ ಇಲ್ಲ. ಎಂಟುನೂರು ರೂಪಾಯಿಗೆ ‘ಕೈಕಸೂತಿ’ ಅಂತ ಯಾರಾದರೂ ಕೊಟ್ಟರೆ ಒಂದೋ ಅದು ಕೈಯದಲ್ಲ, ಇಲ್ಲವೋ ಯಾರದೋ ಕೂಲಿ ತಿಂದಿದ್ದಾರೆ.

ಇನ್ನೊಂದು ಕಷ್ಟದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಅದು ಕಣ್ಣು. ಕಪ್ಪು ಬಟ್ಟೆಯ ಕಪ್ಪು ಎಳೆ ಎಣಿಸಬೇಕು. ಹಗಲು ಬೆಳಕು ಬೇಕೇ ಬೇಕು. ನಲವತ್ತು ದಾಟಿ ಚಾಳೀಸು ಬಂದ ಮೇಲೆ ನುಣುಪು ಬಟ್ಟೆಯ ಮೇಲೆ ಹಾಕುವುದು ದೊಡ್ಡ ಕಷ್ಟ. ಅಂದರೆ ಲೆಕ್ಕವೆಲ್ಲ ಬೆರಳ ತುದಿಗೆ ಬಂದ ವಯಸ್ಸಿನಲ್ಲೇ ಕಣ್ಣು ಕೈಕೊಡುತ್ತದೆ. ಅದಕ್ಕೇ ಈಗ ಬಹಳ ಕಡೆ ತಿಳಿ ಬಣ್ಣದ, ಸ್ವಲ್ಪ ದಪ್ಪ ಎಳೆಯ ಬಟ್ಟೆ ತೆಗೆದುಕೊಳ್ಳುತ್ತಾರೆ. ನುಣುಪು ರೇಷ್ಮೆಯ ಮೇಲೆ ಬೇಕೆಂದರೆ ಎಳೆ ಎಣಿಸಲು ಬರುವಂಥ ಬಲೆಬಟ್ಟೆಯನ್ನು ಮೇಲೆ ಹಚ್ಚಿ, ಎರಡನ್ನೂ ಸೇರಿಸಿ ಹೊಲಿದು, ಆಮೇಲೆ ಬಲೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಕೆಲವರು ಇದನ್ನು ಕಳ್ಳದಾರಿ ಅನ್ನುತ್ತಾರೆ. ನನಗೆ ಹಾಗನ್ನಿಸಿಲ್ಲ. ಎಣಿಕೆ ಎಣಿಕೆಯೇ, ಕಣ್ಣೂ ಉಳಿಯಬೇಕಲ್ಲ.

ಮಷೀನಿನ ಕಥೆಯಲ್ಲಿ ಒಂದು ತಮಾಷೆ ಇದೆ. 1828ರಲ್ಲಿ ಫ್ರಾನ್ಸಿನ ಮುಲೂಸ್ ಊರಿನ ಜೋಸ್ವೆ ಹೈಲ್ಮನ್ ಮಾಡಿದ ಮೊದಲ ಕಸೂತಿ ಯಂತ್ರ ಕೈಯನ್ನೇ ಅನುಕರಿಸುತ್ತಿತ್ತು. ಅದರ ಸೂಜಿಗಳಿಗೆ ಎರಡೂ ಕಡೆ ಮೊನೆ, ನಡುವೆ ಕಣ್ಣು. ಬಟ್ಟೆಯ ಈ ಕಡೆ ಒಂದು ಚಿಮಟ, ಆ ಕಡೆ ಇನ್ನೊಂದು. ಸೂಜಿ ಬಟ್ಟೆಯೊಳಗಿಂದ ಪೂರ್ತಿ ದಾಟಿ ಹೋಗಿ ಮತ್ತೆ ದಾಟಿ ಬರುತ್ತಿತ್ತು. ಹಾಗಾಗಿ ಅದರ ಕೆಲಸಕ್ಕೂ ಕೈಕೆಲಸಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಆದರೆ ಅದು ನಿಧಾನ, ದಾರ ಮುಗಿದಾಗಲೆಲ್ಲ ಸೂಜಿಗಳಿಗೆ ದಾರ ಪೋಣಿಸಬೇಕು. 1863ರಲ್ಲಿ ಸ್ವಿಟ್ಜರ್ಲೆಂಡಿನ ಇಸಾಕ್ ಗ್ರೋಬ್ಲಿ ಶಿಫ್ಲಿ ಯಂತ್ರ ತಂದ. ಅದರಲ್ಲಿ ಎರಡು ದಾರ: ಮೇಲಿನದು ಸೂಜಿಯದು, ಕೆಳಗಿನದು ಲಾಳಿಯದು, ಎರಡೂ ಬಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಮನೆಯ ಹೊಲಿಗೆ ಮಷೀನಿನಲ್ಲೂ ಹಾಗೇ ತಾನೆ? ಇವತ್ತಿನ ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನಿನಲ್ಲೂ ಮೇಲೊಂದು ದಾರ, ಕೆಳಗೆ ಬಾಬಿನ್ನಿನ ದಾರ. ಬೇಗ ಆಗುತ್ತದೆ, ಆದರೆ ಒಂದೇ ದಾರ ಹೋಗಿ ವಾಪಸ್ ಬರುವ ಗವಂತಿ ಅದರ ಕೈಲಿ ಆಗದು.

ಅಂಗಡಿಯಲ್ಲಿ ನೋಡಬೇಕಾದ್ದು ಅದನ್ನೇ. ಒಳಮಗ್ಗುಲಲ್ಲಿ ಬೇರೆ ಬಣ್ಣದ, ಸಾಮಾನ್ಯವಾಗಿ ಬಿಳಿ ಅಥವಾ ಕಪ್ಪು ಬಾಬಿನ್ ದಾರ ಕಂಡರೆ ಮಷೀನು. ಒಳಗೆ ಬಿರುಸು ಕಾಗದದಂಥ ಪೊರೆ ಅಂಟಿದ್ದರೆ ಮಷೀನೇ, ಅನುಮಾನ ಬೇಡ. ಆನೆಗಳ ಸಾಲಿನಲ್ಲಿ ಹತ್ತೂ ಆನೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಇದ್ದರೂ ಸಂಶಯ ಪಡಿ. ಕೈಯಲ್ಲಿ ಹಾಕಿದವರು ಎಲ್ಲೋ ಒಂದು ಎಳೆ ಜಾಸ್ತಿ ಎಣಿಸಿರುತ್ತಾರೆ, ಎಲ್ಲೋ ದಾರದ ಬಣ್ಣದ ಲಾಟು ಬದಲಾಗಿರುತ್ತದೆ. ಇನ್ನೊಂದು ಗೊಂದಲ: ಬೆಂಗಳೂರು, ಮೈಸೂರು ಕಡೆ ಯಾವ ಎಂಬ್ರಾಯ್ಡರಿಗಾದರೂ ಕಸೂತಿ ಅಂತಲೇ ಹೇಳುತ್ತಾರೆ. ಹಾಗಾಗಿ ಬರೀ ‘ಕಸೂತಿ ಇದೆಯಾ’ ಅಂತ ಕೇಳಬೇಡಿ. ‘ಗವಂತಿ, ಮುರ್ಗಿ ಹಾಕಿದ್ದು ಇದೆಯಾ’ ಅಂತ ಕೇಳಿ. ಅಂಗಡಿಯವರ ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಮಷೀನ್ ಕಸೂತಿಯ ಮೇಲೆ ನನಗೆ ಸಿಟ್ಟಿಲ್ಲ. ಕಾಲೇಜಿಗೆ ಹೋಗುವ ಹುಡುಗಿ ಎಂಟುನೂರಕ್ಕೆ ತೇರಿನ ಸೀರೆ ಉಟ್ಟರೆ ಉಡಲಿ. ಅದನ್ನು ಕೈಯದು ಅಂತ ಹೇಳಿ ಮಾರಬಾರದು, ಅಷ್ಟೇ.

ಜನ ಯಾಕೆ ಇನ್ನೂ ಕೈಯಲ್ಲಿ ಹಾಕುತ್ತಾರೆ ಅನ್ನುವುದಕ್ಕೆ ಒಂದೇ ಕಾರಣ ಹೇಳಲು ಬರುವುದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿ ನೋಡಿ. ಅಲ್ಲಿ ಎಣಿಕೆಯೇ ಇಲ್ಲ. ಹಳೇ ಸೀರೆ, ಅಂಗಿ, ಲುಂಗಿಯ ಚೂರುಗಳನ್ನು ಒಂದು ಸೀರೆಯ ಮೇಲೆ ಇಡುತ್ತಾ, ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಚೂರು ಎಲ್ಲಿ, ಯಾವ ಬಣ್ಣ ಅನ್ನುವುದು ಆ ಹೊತ್ತಿನ ತೀರ್ಮಾನ. ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಪುಟ್ಟ ತ್ರಿಕೋನಗಳನ್ನು ಹಚ್ಚುತ್ತಾರೆ, ಅದನ್ನು ಫುಲ ಅಂತ ಕರೆಯುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಚಳಿಗೆ ಹೊದೆಯುವ ಬಟ್ಟೆಗೆ ಆ ಮೂಲೆಯ ಹೂವು ಯಾಕೆ ಬೇಕು ಅಂತ ಕೇಳಿದರೆ ಉಪಯೋಗದ ಲೆಕ್ಕದಲ್ಲಿ ಉತ್ತರ ಇಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಹೆಂಗಸರದು ಇನ್ನೊಂದು ದಾರಿ: ಕನ್ನಡಿ, ಕವಡೆ, ನಾಣ್ಯ, ದಪ್ಪ ದಾರದ ಹೊಲಿಗೆ. ಅದಕ್ಕೂ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20ರ ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಲಂಬಾಣಿ ವಸ್ತುಗಳ ಪ್ರದರ್ಶನಕ್ಕೆ ಗಿನ್ನೆಸ್ ದಾಖಲೆ ಬಂತು. ಅಲ್ಲಿ ಸೂಜಿ ಎಂದರೆ ಸಂಪಾದನೆ, ಜೊತೆಗೆ ಇದು ನಮ್ಮದು ಅನ್ನುವ ಗುರುತು.

ಕಸೂತಿಯ ಸೆಳೆತ ಇವೆರಡಕ್ಕಿಂತ ಬೇರೆ. ನನ್ನ ಪ್ರಕಾರ ಅದು ಎಣಿಕೆಯ ಸುಖ. ಎಣಿಸುವಾಗ ಬೇರೆ ಯೋಚನೆಗೆ ಜಾಗ ಇಲ್ಲ. ಸೊಸೆ ಏನಂದಳು, ಬಾಸ್ ಏನಂದರು ಅನ್ನುವುದು ತಲೆಗೆ ಬಂತೋ, ಎಣಿಕೆ ತಪ್ಪಿತು. ತಪ್ಪಿದ್ದೂ ನಾಲ್ಕು ಹೊಲಿಗೆಯೊಳಗೆ ಗೊತ್ತಾಗುತ್ತದೆ, ಯಾಕೆಂದರೆ ಗೆರೆ ಗೆರೆಗೆ ಕೂಡುವುದಿಲ್ಲ. ಸರಿ ಆಗಿದ್ದೂ ಹಾಗೇ ಗೊತ್ತಾಗುತ್ತದೆ, ಇನ್ನೊಬ್ಬರು ಬಂದು ಭೇಷ್ ಅನ್ನಬೇಕಿಲ್ಲ. ಚಿತ್ರ ಬರೆಯಲು ಬಾರದವರೂ ಇದರಲ್ಲಿ ಗೆಲ್ಲಬಹುದು. ನನ್ನ ಹತ್ತಿರ ಕಲಿಯಲು ಬಂದವರಲ್ಲಿ ‘ನನಗೆ ಕಲೆ ಬರಲ್ಲ’ ಅಂತ ಶುರು ಮಾಡಿದ ಲೆಕ್ಕಪತ್ರದ ಕೆಲಸದವರು, ಸಾಫ್ಟ್‌ವೇರಿನವರು ಬೇಗ ಕೈ ಕುದುರಿಸಿಕೊಂಡಿದ್ದಾರೆ. ಚಿತ್ರಕಲೆ ಕಲಿತವರಿಗೆ ಕೈ ದುಂಡು ಗೆರೆಗೆ ಎಳೆಯುತ್ತದೆ, ಅವರು ಸ್ವಲ್ಪ ಒದ್ದಾಡುತ್ತಾರೆ.

ಹಾಗಾಗಿ ನೀವೂ ಕಲಿಯಬಹುದು. ಚಂದ್ರಕಾಳಿಯ ಮೇಲೆ ಶುರು ಮಾಡಬೇಡಿ. ಪುಣೆಯ ಯಾವುದೇ ದಾರದ ಅಂಗಡಿಯಲ್ಲಿ ಮ್ಯಾಟಿ ಬಟ್ಟೆ ಸಿಗುತ್ತದೆ, ಅದರ ಚೌಕ ಕಣ್ಣಿಗೆ ಕಾಣುತ್ತದೆ. ತಿಳಿ ಬಣ್ಣದ್ದು ಅರ್ಧ ಮೀಟರ್ ಸಾಕು. ಮೊನೆ ಮೊಂಡಾದ 24ನೇ ನಂಬರಿನ ಸೂಜಿ ತೆಗೆದುಕೊಳ್ಳಿ, ಚೂಪು ಸೂಜಿ ಎಳೆಯನ್ನು ಸೀಳುತ್ತದೆ. ಆ್ಯಂಕರ್ ದಾರದ ಲಡಿಯಲ್ಲಿ ಆರು ಎಳೆ ಇರುತ್ತವೆ, ಎರಡು ಬಿಡಿಸಿಕೊಳ್ಳಿ. ಮೊಣಕೈ ಉದ್ದಕ್ಕಿಂತ ಜಾಸ್ತಿ ದಾರ ಬೇಡ, ಸಿಕ್ಕಾಗುತ್ತದೆ. ಗಂಟು ಹಾಕದೆ ಒಂದು ಬೆರಳುದ್ದ ಬಾಲ ಬಿಟ್ಟು ಶುರು ಮಾಡಿ. ಕೆಲಸ ಮುಗಿದ ಮೇಲೆ ಆ ಬಾಲವನ್ನು ಹಾಕಿದ ಗೆರೆಯ ಹಾದಿಯಲ್ಲೇ ಓಡಿಸಿ ಮುಚ್ಚಿ. ಮೊದಲು ನೇರ ಗೆರೆ, ಆಮೇಲೆ ಮುರ್ಗಿಯ ಮೆಟ್ಟಿಲು, ಆಮೇಲೆ ಎಂಟು ಮೂಲೆಯ ಚುಕ್ಕಿ. ಕೊಂಬೆ ಇರುವ ಚಿತ್ರಕ್ಕೆ ಬಂದಾಗ ಚೌಕದ ಹಾಳೆಯ ಮೇಲೆ ಹಾದಿಯನ್ನು ಬಾಣದ ಗುರುತಿನಲ್ಲಿ ಬರೆದುಕೊಳ್ಳಿ. ನಿಯಮ ಸುಲಭ: ಹೋಗುವಾಗ ಕೊಂಬೆ ಸಿಕ್ಕರೆ ಅದರ ತುದಿ ಮುಟ್ಟಿ, ಪೂರ್ತಿ ಮುಗಿಸಿ, ಬುಡಕ್ಕೆ ವಾಪಸ್ ಬಂದು, ಆಮೇಲೆ ಮುಂದಕ್ಕೆ ಹೋಗಿ. ತೇರು ಮಾಡಲು ಅವಸರ ಮಾಡಬೇಡಿ, ಅದು ಬಂದೇ ಬರುತ್ತದೆ. ಸೀರೆಯ ಬಟ್ಟೆಗೆ ಇಳಿಯುವಾಗ ಒಂದು ಬೆರಳಗಲದಲ್ಲಿ ಅಡ್ಡ ಎಷ್ಟು ಎಳೆ, ಉದ್ದ ಎಷ್ಟು ಎಳೆ ಎಣಿಸಿ. ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಇಲ್ಲದಿದ್ದರೆ ಗೋಪುರ ಕುಳ್ಳಾಗುತ್ತದೆ, ಇಲ್ಲವೇ ಸಪೂರ ಎದ್ದು ನಿಲ್ಲುತ್ತದೆ. ನಿಮ್ಮ ಊರ ಕಡೆ ಬಂದಾಗ ಧಾರವಾಡ, ಹುಬ್ಬಳ್ಳಿಯಲ್ಲಿ ಕಲಿಸುವವರು ಸಿಗುತ್ತಾರೆ. ಅಷ್ಟಕ್ಕೂ ಮೊದಲು ನಿಮ್ಮ ಚಿಕ್ಕಮ್ಮನ ಕೈಗೆ ಸೂಜಿ ಕೊಟ್ಟು ನೋಡಿ. ಚಾಲುಕ್ಯರ ಬಗ್ಗೆ ಅವರು ಹೇಳಿದ್ದನ್ನು ನಾನು ಒಪ್ಪದಿರಬಹುದು, ಗವಂತಿಯ ಬಗ್ಗೆ ಅವರ ಬೆರಳಿಗೆ ಏನು ನೆನಪಿದೆ ಅನ್ನುವುದು ಬೇರೆ ವಿಷಯ.

ಸೀರೆಯ ಆರೈಕೆ. ಸದ್ಯಕ್ಕೆ ಒಗೆಯಬೇಡಿ, ಡ್ರೈ ಕ್ಲೀನಿಂಗಿಗೂ ಕೊಡಬೇಡಿ. ಹಳೇ ಕೆಂಪು ದಾರ ಬಣ್ಣ ಬಿಟ್ಟರೆ ಬಿಳಿ ದಾರದ ಗತಿ ಮುಗಿಯಿತು. ಒಂದು ಮೂಲೆಯಲ್ಲಿ ಒದ್ದೆ ಬಿಳಿ ಹತ್ತಿ ಒತ್ತಿ ನೋಡಿ, ಬಣ್ಣ ಹತ್ತಿದರೆ ನೀರು ಮುಟ್ಟಿಸುವ ಮಾತೇ ಇಲ್ಲ. ಧೂಳನ್ನು ಮೆತ್ತನೆ ಕುಂಚದಲ್ಲಿ ತೆಗೆಯಿರಿ. ನೆರಳಿನಲ್ಲಿ ಸ್ವಲ್ಪ ಹೊತ್ತು ಗಾಳಿಗೆ ಹರವಿ. ಪ್ಲಾಸ್ಟಿಕ್ ಚೀಲ ಬೇಡ, ಒಗೆದ ಹಳೇ ಬಿಳಿ ಪಂಚೆಯಲ್ಲಿ ಸುತ್ತಿ. ಸಾಧ್ಯವಾದರೆ ಕೊಳವೆಗೆ ಸುರುಳಿ ಸುತ್ತಿಡಿ. ಮಡಚಲೇಬೇಕಾದರೆ ಮಡಿಕೆಯ ಒಳಗೆ ಬಟ್ಟೆಯ ಸುರುಳಿ ಇಟ್ಟು, ಕೆಲವು ತಿಂಗಳಿಗೊಮ್ಮೆ ಬೇರೆ ಕಡೆ ಮಡಚಿ. ಹಳೇ ಸೀರೆ ಹರಿಯುವುದು ಮಡಿಕೆಯ ಗೆರೆಯಲ್ಲೇ. ನುಸಿಗುಳಿಗೆ ಹಾಕಿದರೂ ಬಟ್ಟೆಗೆ ತಾಗದ ಹಾಗೆ ಗಂಟು ಕಟ್ಟಿಡಿ. ಹ್ಯಾಂಗರಿಗೆ ತೂಗುಹಾಕಬೇಡಿ.

ಎಲ್ಲಾದರೂ ಹರಿದಿದ್ದರೆ ಟೈಲರಿಗೆ ಕೊಟ್ಟು ಮಷೀನ್ ಹೊಲಿಗೆ ಹಾಕಿಸಬೇಡಿ. ಒಳಗಿನಿಂದ ನುಣುಪು ಹತ್ತಿಬಟ್ಟೆಯ ತುಂಡು ಇಟ್ಟು, ಸಪೂರ ದಾರದಲ್ಲಿ ಕೈಯಿಂದಲೇ ಸಡಿಲವಾಗಿ ಹಿಡಿಸಿದರೆ ಸಾಕು. ಬಿಟ್ಟುಹೋದ ಕಸೂತಿಯನ್ನು ಹೊಸ ದಾರದಲ್ಲಿ ತುಂಬಿಸಬೇಕೋ ಬೇಡವೋ ಅನ್ನುವುದು ನಿಮಗೆ ಬಿಟ್ಟಿದ್ದು. ಉಡುವ ಸೀರೆಯಾದರೆ ತುಂಬಿಸಿ, ಎತ್ತಿಡುವ ಸೀರೆಯಾದರೆ ಹಾಗೇ ಬಿಡಿ. ನಿಮ್ಮ ಸೀರೆಯ ಒಳಮಗ್ಗುಲಿನ ಒಂದು ಫೋಟೊ, ಕೊಂಡಿಯ ಜಾಗದ ಒಂದು ಫೋಟೊ ಕಳಿಸಿದರೆ ಇನ್ನೂ ಖಚಿತವಾಗಿ ಹೇಳಬಲ್ಲೆ.